ಬೆಂಕಿಪುರದ ಕುಲುಮೆ ಉಂಡ ಇದ್ದಿಲು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಬಾಬಾಬುಡನ್ ಬೆಟ್ಟಸಾಲಿನ ಅದಿರಿನಿಂದಲೋ ಸರ್ ಎಂ. ವಿಶ್ವೇಶ್ವರಯ್ಯನವರ ಛಲದಿಂದಲೋ ಮಾತು ತೆಗೆಯುತ್ತಾರೆ. ಎರಡೂ ತಕ್ಕ ಆರಂಭಗಳೇ. ಆದರೆ ಆ ಕಾರ್ಖಾನೆಯ ಮೊದಲ ಅರ್ಧ ಶತಮಾನದ ಏಳುಬೀಳುಗಳನ್ನು ಹಿಂಬಾಲಿಸಿ ನೋಡಿದರೆ, ಅದಿರನ್ನು ಕರಗಿಸಲು ಏನನ್ನು ಉರಿಸಬೇಕು, ಆ ಉರುವಲನ್ನು ಎಲ್ಲಿಂದ ತರಬೇಕು, ತಂದದ್ದನ್ನು ಕುಲುಮೆಗೆ ಹೇಗೆ ಉಣಿಸಬೇಕು ಎಂಬ ಮೂರು ಪ್ರಶ್ನೆಗಳೇ ಅದರ ಎತ್ತರ, ಅಳತೆ, ಲಾಭನಷ್ಟ ಎಲ್ಲವನ್ನೂ ತೀರ್ಮಾನಿಸಿದವೆಂಬುದು ಕಾಣುತ್ತದೆ. ಕಾವನ್ನು ಹುಟ್ಟಿಸುವುದಕ್ಕಿಂತ ಹುಟ್ಟಿದ ಕಾವನ್ನು ಒಂದೆಡೆ ಹಿಡಿದಿಡುವುದು ಕಷ್ಟದ ಕೆಲಸ. ಹಿಡಿದಿಡುವ ಬಗೆಯಾದರೋ ಉಣಿಸುವ ಬಗೆಯನ್ನೇ ಅವಲಂಬಿಸಿರುತ್ತದೆ. ಈ ಮಾತಿಗೆ ಭದ್ರಾವತಿಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗಲಾರದು.

ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನೊಳಗೆ, ಭದ್ರಾ ನದಿಯ ದಡದಲ್ಲಿರುವ ಈ ಊರಿನ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆಯಿಂದ ಬಂದ ಹೆಸರೆಂದು ಹೊಸಬರಿಗೆ ತೋರಬಹುದು, ಆದರೆ ಹೆಸರು ಕುಲುಮೆಗಿಂತ ಎಷ್ಟೋ ಹಳೆಯದು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು ಇದು, ನದಿಯ ಹೆಸರನ್ನು ಹೊತ್ತು ಭದ್ರಾವತಿಯಾದದ್ದು ಈಚೆಗೆ. 1889ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲುಮಾರ್ಗ ಬಂದಾಗ ಅದು ಈ ಊರನ್ನು ಹಾದುಹೋಯಿತು. ಪಶ್ಚಿಮಕ್ಕೆ ಮಲೆನಾಡಿನ ಕಾಡು, ದಕ್ಷಿಣಕ್ಕೆ ಅದಿರಿನ ಬೆಟ್ಟ, ಊರಿನ ನಡುವೆ ಬೇಸಗೆಯಲ್ಲೂ ಬತ್ತದ ಹೊಳೆ, ಪಕ್ಕದಲ್ಲೇ ರೈಲು: ಈ ನಾಲ್ಕು ಒಂದೆಡೆ ಕೂಡಿದ ಜಾಗ ಮೈಸೂರು ಸಂಸ್ಥಾನದಲ್ಲಿ ಇನ್ನೊಂದಿರಲಿಲ್ಲವೆಂದೇ ಹೇಳಬೇಕು.

ಕಬ್ಬಿಣ ಈ ಸೀಮೆಗೆ ಹೊಸದೇನೂ ಆಗಿರಲಿಲ್ಲ. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಲವು ಊರುಗಳಲ್ಲಿ ಕಂಡ ಕಬ್ಬಿಣದ ಒಲೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆಳೆತ್ತರಕ್ಕೂ ಮೀರದ ಮಣ್ಣಿನ ಒಲೆ, ತೊಗಲಿನ ತಿದಿಗಳು, ಹೊಳೆಹಳ್ಳಗಳಲ್ಲಿ ತೊಳೆದು ಶೇಖರಿಸಿದ ಕಪ್ಪು ಮರಳು ಅಥವಾ ಕುಟ್ಟಿ ಪುಡಿಮಾಡಿದ ಅದಿರು, ಅದರ ಜೊತೆಗೆ ಕಾಡಿನ ಇದ್ದಿಲು, ಇಷ್ಟೇ ಆ ಕಸುಬಿನ ಬಂಡವಾಳ. ಆ ಒಲೆಯೊಳಗೆ ಕಬ್ಬಿಣ ನೀರಾಗುತ್ತಿರಲಿಲ್ಲ. ಅದಿರಿನ ಆಮ್ಲಜನಕವನ್ನು ಇದ್ದಿಲಿನ ಅನಿಲ ಕಿತ್ತುಕೊಂಡ ಮೇಲೆ ಉಳಿದ ಲೋಹ ಕಿಟ್ಟದ ಜೊತೆ ಮೆತ್ತಗಿನ ಮುದ್ದೆಯಾಗಿ ತಳದಲ್ಲಿ ಕೂರುತ್ತಿತ್ತು. ಕಿಟ್ಟವೆಂದರೆ ಅದಿರಿನಲ್ಲಿದ್ದ ಕಲ್ಲುಮಣ್ಣು ಕರಗಿ ಆಗುವ ಗಾಜಿನಂಥ ಕಸ. ಆ ಮುದ್ದೆಯನ್ನು ಬಡಿದು ಬಡಿದು ಕಿಟ್ಟವನ್ನು ಹಿಂಡಿ ತೆಗೆಯುವುದೇ ಅರ್ಧ ದುಡಿಮೆ. ಮೂಸೆಯಲ್ಲಿಟ್ಟು ಕಾಯಿಸಿದ ಇದೇ ಕಬ್ಬಿಣ ಉಕ್ಕಾಗುತ್ತಿತ್ತು. ಯುರೋಪಿನವರು ವೂಟ್ಸ್ ಎಂದು ಕರೆದ ಲೋಹದ ಹೆಸರು ಕನ್ನಡದ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿದ್ದೆಂಬುದು ವಿದ್ವಾಂಸರಲ್ಲಿ ಬಹಳವಾಗಿ ಒಪ್ಪಿತವಾದ ಅಭಿಪ್ರಾಯ. ತಿದಿಯ ಉಸಿರು ಎಷ್ಟು ದೂರ ತಲುಪೀತೋ ಅಷ್ಟೇ ಒಲೆಯ ಎತ್ತರ, ಎತ್ತಿನ ಗಾಡಿ ಹೋಗಿಬರುವಷ್ಟು ದೂರದ ಕಾಡೇ ಅದರ ಆಯುಷ್ಯ; ಮರ ಮುಗಿದರೆ ಒಲೆ ಬೇರೆಡೆಗೆ ಸಾಗುತ್ತಿತ್ತು. ಇದ್ದಿಲು ಒಲೆಯ ಗಾತ್ರವನ್ನು ಕಟ್ಟಿಹಾಕುವ ಈ ನಿಯಮ ಮುಂದೆ ಭದ್ರಾವತಿಯ ದೊಡ್ಡ ಕುಲುಮೆಯನ್ನೂ ಬಿಡಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇಲ್ಲ. ಕಬ್ಬಿಣದ ಕುಲುಮೆಗೆ ಬೇಕಾದ ಕೋಕ್, ಎಂದರೆ ಗಾಳಿಯಾಡದ ಗೂಡಿನಲ್ಲಿ ಕಾಯಿಸಿ ಆವಿಯ ಅಂಶವನ್ನೆಲ್ಲ ಕಳೆದ ಕಲ್ಲಿದ್ದಲು, ಬಂಗಾಳ ಬಿಹಾರಗಳ ಗಣಿಗಳಿಂದ ರೈಲಿನಲ್ಲಿ ಬರಬೇಕಾಗಿದ್ದು, ಆ ಸಾಗಣೆಯ ಖರ್ಚಿನಲ್ಲೇ ಕಬ್ಬಿಣದ ಬೆಲೆ ಮುಗಿದುಹೋಗುತ್ತಿತ್ತು. ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ನಡೆಸುತ್ತಿದ್ದ ಡಬ್ಲ್ಯು. ಎಫ್. ಸ್ಮೀತ್ ಮತ್ತು ಅವರ ಸಹೋದ್ಯೋಗಿಗಳು ಬಾಬಾಬುಡನ್ ಸಾಲಿನ ಅದಿರನ್ನು ಅಳೆದಿದ್ದರು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಸಿ. ಪಿ. ಪೆರಿನ್ ಅವರನ್ನು ಕರೆಸಿ ಯೋಜನೆ ಮಾಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1918ರಲ್ಲಿ ಕೆಲಸ ಆರಂಭವಾಯಿತು. ಕಾರ್ಖಾನೆಗೆ ಮೊದಲು ಇಟ್ಟ ಹೆಸರನ್ನು ಗಮನಿಸಬೇಕು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಟ್ಟಿಗೆಯ ಭಟ್ಟಿ ಮೊದಲು, ಕಬ್ಬಿಣ ಆಮೇಲೆ. ಕಟ್ಟಿದವರ ಮನಸ್ಸಿನಲ್ಲಿದ್ದ ಲೆಕ್ಕಾಚಾರ ಈ ಹೆಸರಿನಲ್ಲೇ ಇದೆ.

ಕಾಡಿನಲ್ಲಿ ಇದ್ದಿಲು ಸುಡುವವರು ಕಟ್ಟಿಗೆಯನ್ನು ಗುಡ್ಡೆಹಾಕಿ, ಸೊಪ್ಪು ಮಣ್ಣು ಮುಚ್ಚಿ, ಒಳಗೊಳಗೇ ಬೇಯುವಂತೆ ಬೆಂಕಿಯಿಡುತ್ತಾರೆ. ಕಟ್ಟಿಗೆಯ ಆವಿಯೆಲ್ಲ ಹೊಗೆಯಾಗಿ ಆಕಾಶಕ್ಕೆ ಹೋಗುತ್ತದೆ. ಭಟ್ಟಿ ಇಳಿಸುವ ವಿಧಾನದಲ್ಲಿ ಕಟ್ಟಿಗೆಯನ್ನು ರಿಟಾರ್ಟ್ ಎಂಬ ಮುಚ್ಚಿದ ಕಬ್ಬಿಣದ ಕೋಣೆಯಲ್ಲಿಟ್ಟು ಹೊರಗಿನಿಂದ ಕಾಯಿಸಿ, ಹೊರಬರುವ ಆವಿಯನ್ನು ತಣಿಸಿ ಹಿಡಿದಿಡುತ್ತಾರೆ. ಹಾಗೆ ಹಿಡಿದ ಹುಳಿ ವಾಸನೆಯ ಕಂದು ನೀರಿನಲ್ಲಿ ಮೀಥೈಲ್ ಆಲ್ಕೋಹಾಲ್, ಅಸಿಟಿಕ್ ಆಮ್ಲ ಮತ್ತು ಕಟ್ಟಿಗೆಯ ಟಾರು ಇರುತ್ತವೆ. ಅದಕ್ಕೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್ ಸಿಗುತ್ತದೆ, ಅದನ್ನು ಕಾಯಿಸಿದರೆ ಅಸಿಟೋನ್. ಮೊದಲ ಮಹಾಯುದ್ಧದಲ್ಲಿ ಕಾರ್ಡೈಟ್ ಎಂಬ ಸಿಡಿಮದ್ದಿನ ತಯಾರಿಕೆಗೆ ಅಸಿಟೋನ್ ಬೇಕಾಗಿದ್ದು ಈ ಸರಕುಗಳ ಬೆಲೆ ಏರಿತ್ತು. ಇವುಗಳನ್ನು ಮಾರಿದ ಹಣದಿಂದ ಇದ್ದಿಲು ಅಗ್ಗವಾಗುತ್ತದೆ, ಅಗ್ಗದ ಇದ್ದಿಲಿನಿಂದ ಕಬ್ಬಿಣವೂ ಅಗ್ಗವಾಗುತ್ತದೆ ಎಂಬುದು ಯೋಜನೆಯ ತಿರುಳು. ಲೆಕ್ಕ ತಪ್ಪಾಗಿರಲಿಲ್ಲ, ಕಾಲ ಬದಲಾಯಿತು. ಯುದ್ಧ ಮುಗಿದು ಬೇಡಿಕೆ ಕುಸಿಯಿತು. ಧಾನ್ಯವನ್ನು ಹುದುಗಿಸಿ ಅಸಿಟೋನ್ ಮಾಡುವ ವಿಧಾನ ಯುದ್ಧಕಾಲದಲ್ಲೇ ಬಳಕೆಗೆ ಬಂದಿತ್ತು. ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆ ಲೊಯ್ನಾದಲ್ಲಿ ಅನಿಲಗಳಿಂದಲೇ ಮೀಥೈಲ್ ಆಲ್ಕೋಹಾಲನ್ನು ತಯಾರಿಸಲು ಆರಂಭಿಸಿದ್ದು 1923ರಲ್ಲಿ. ಭದ್ರಾವತಿಯ ಕುಲುಮೆಗೆ ಬೆಂಕಿ ಬಿದ್ದದ್ದೂ ಅದೇ ವರ್ಷದ ಜನವರಿ 18ರಂದು. ಕಾರ್ಖಾನೆ ಕಣ್ಣುಬಿಡುವ ಹೊತ್ತಿಗೆ ಅದರ ಇಂಧನದ ಅರ್ಥಶಾಸ್ತ್ರ ಕುಸಿಯತೊಡಗಿತ್ತು.

ದಿನಕ್ಕೆ 60 ಟನ್ ಕಬ್ಬಿಣ ಕೊಡುವಂತೆ ಕಟ್ಟಿದ ಆ ಊದುಕುಲುಮೆ ಜಮ್‌ಶೆಡ್‌ಪುರದ ಕುಲುಮೆಗಳ ಮುಂದೆ ಚಿಕ್ಕದು. ಅದು ಚಿಕ್ಕದಾಗಿರಲೇಬೇಕಿತ್ತು. ಊದುಕುಲುಮೆಯೆಂದರೆ ಒಳಗೆ ಬೆಂಕಿಯಿಟ್ಟಿಗೆ ಹೊದಿಸಿದ ಎತ್ತರದ ಉಕ್ಕಿನ ಗೋಪುರ. ಅದರ ತಲೆಯಿಂದ ಅದಿರು, ಸುಣ್ಣಕಲ್ಲು ಮತ್ತು ಇದ್ದಿಲನ್ನು ಪದರಪದರವಾಗಿ ಸುರಿಯುತ್ತಾರೆ, ಬುಡದ ಸುತ್ತ ಜೋಡಿಸಿದ ಮೂತಿಗಳಿಂದ ಕಾಯಿಸಿದ ಗಾಳಿಯನ್ನು ರಭಸವಾಗಿ ಊದುತ್ತಾರೆ. ಮೂತಿಗಳ ಎದುರಿಗೆ ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲ ಮೇಲೇರುತ್ತ, ಕೆಳಗಿಳಿಯುತ್ತಿರುವ ಅದಿರಿನಿಂದ ಆಮ್ಲಜನಕವನ್ನು ಕಳಚಿಕೊಳ್ಳುತ್ತದೆ. ತನ್ನ ಕಾವನ್ನೂ ಅದಕ್ಕೆ ಒಪ್ಪಿಸಿ ತಣ್ಣಗಾಗಿ ತುದಿಯಿಂದ ಹೊರಬೀಳುತ್ತದೆ. ಇಳಿಯುವ ಕಲ್ಲಿಗೂ ಏರುವ ಅನಿಲಕ್ಕೂ ನಡೆಯುವ ಈ ಕೊಡುಕೊಳೆಯೇ ಕುಲುಮೆಯ ಜೀವ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ಇದ್ದಿಲಿನಿಂದ ಶೇಕಡಾ 4ರಷ್ಟು ಇಂಗಾಲವನ್ನು ಹೀರಿಕೊಂಡ ಕಬ್ಬಿಣ 1200 ಡಿಗ್ರಿಯೊಳಗೇ ನೀರಾಗುತ್ತದೆ. ಬುಡದಲ್ಲಿ ನಿಂತ ಆ ಕೆಂಪು ನೀರಿನ ಮೇಲೆ ಸುಣ್ಣದೊಡನೆ ಕೂಡಿದ ಕಿಟ್ಟ ತೇಲುತ್ತದೆ. ಎರಡಕ್ಕೂ ಬೇರೆ ಬೇರೆ ಬಾಯಿ.

ಅನಿಲ ಗೋಪುರದೊಳಗೆ ಎಲ್ಲ ಕಡೆಯೂ ಸಮನಾಗಿ ಏರಬೇಕಾದರೆ ಪದರಗಳ ನಡುವೆ ಸಂದು ಇರಬೇಕು, ಆ ಸಂದನ್ನು ಕಾಯುವುದು ಇಂಧನದ ಗಟ್ಟಿತನ. ಅದಿರು ಮೆತ್ತಗಾಗಿ ಕರಗುವ ಮಟ್ಟದಿಂದ ಕೆಳಗೆ ಗಟ್ಟಿಯಾಗಿ ಉಳಿಯುವುದು ಇಂಧನವೊಂದೇ. ಮೇಲಿನ ಭಾರವೆಲ್ಲ ಅದರ ಮೇಲೆಯೇ. ಕೋಕ್ ಆ ಭಾರವನ್ನು ಹೊರಬಲ್ಲದು, ಇದ್ದಿಲು ಹೊರಲಾರದು. ಒಳ್ಳೆಯ ಇದ್ದಿಲಿನ ತುಂಡನ್ನು ಕೈಯಲ್ಲಿ ಹಿಡಿದರೆ ಅದರ ತೂಕ ಅಚ್ಚರಿ ಹುಟ್ಟಿಸುವಷ್ಟು ಕಡಿಮೆ. ಮುರಿದರೆ ಠಣ್ಣೆಂಬ ಸದ್ದು ಬರುತ್ತದೆ, ಮುರಿದ ಮುಖ ಕರಿಗಾಜಿನಂತೆ ಹೊಳೆಯುತ್ತದೆ, ಮರದ ವಯಸ್ಸಿನ ಉಂಗುರಗಳೂ ನೀರು ಸಾಗುತ್ತಿದ್ದ ನಾಳಗಳೂ ಹಾಗೆಯೇ ಕಾಣುತ್ತವೆ. ಸರಿಯಾಗಿ ಬೇಯದ ಇದ್ದಿಲು ಕಂದಾಗಿರುತ್ತದೆ, ಮುರಿಯುವಾಗ ನಾರುನಾರಾಗಿ ಬಿಚ್ಚುತ್ತದೆ. ನೆನೆದದ್ದು ಸದ್ದೇ ಮಾಡದೆ ಕುಸಿಯುತ್ತದೆ. ಈ ಹಗುರವಾದ, ತೂತುತೂತಾದ ವಸ್ತು ಬಹಳ ಬೇಗ ಉರಿಯುತ್ತದೆ, ಅನಿಲದೊಡನೆ ಬಹಳ ಬೇಗ ಬೆರೆಯುತ್ತದೆ. ಆದರೆ ಎತ್ತರದ ಗೋಪುರದಲ್ಲಿ ಸುರಿದರೆ ತನ್ನ ಮೇಲಿನ ಹೊರೆಗೆ ನಲುಗಿ ಪುಡಿಯಾಗುತ್ತದೆ. ಪುಡಿ ಸಂದುಗಳಲ್ಲಿ ಸಿಕ್ಕಿಕೊಂಡರೆ ಅನಿಲ ಒಂದು ಪಕ್ಕದಲ್ಲಿ ದಾರಿ ಕೊರೆದುಕೊಂಡು ಕಾವನ್ನು ಕೊಡದೆಯೇ ಮೇಲೆ ಹಾರಿಹೋಗುತ್ತದೆ. ಇನ್ನೊಂದು ಪಕ್ಕದ ಅದಿರು ಹಸಿಯಾಗಿಯೇ ಬುಡಕ್ಕಿಳಿದು ಕರಗಿದ ಕಬ್ಬಿಣವನ್ನು ತಣ್ಣಗಾಗಿಸುತ್ತದೆ. ಕೆಲವೊಮ್ಮೆ ಸರಕು ನಡುವೆ ಕಮಾನು ಕಟ್ಟಿ ನೇತುಬಿದ್ದು, ಸ್ವಲ್ಪ ಹೊತ್ತಿನ ಮೇಲೆ ಒಮ್ಮೆಲೇ ಕುಸಿಯುವುದೂ ಉಂಟು. ಇಂಥ ಕುಲುಮೆಯ ಮುಂದೆ ನಿಂತು ದುಡಿಯುವವರಿಗೆ ಕುಸಿತದ ಆ ಸದ್ದಿಗಿಂತ ದೊಡ್ಡ ಭಯವಿಲ್ಲ. ಆದ್ದರಿಂದಲೇ ಇದ್ದಿಲಿನ ಕುಲುಮೆಗಳು ಜಗತ್ತಿನಲ್ಲೆಲ್ಲ ಗಿಡ್ಡ. ಸುರಿಯುವ ಮೊದಲು ಪುಡಿಯನ್ನು ಜರಡಿಯಾಡಿ ತೆಗೆಯುವುದು, ತುಂಡುಗಳ ಗಾತ್ರ ನೋಡುವುದು, ಮಳೆಗಾಲದಲ್ಲಿ ತೇವ ಕಾಯುವುದು, ಒಂದು ಪದರ ಅಂಚಿಗೂ ನಡುವಿಗೂ ಸಮನಾಗಿ ಬೀಳುವಂತೆ ಹರಡುವುದು, ಇವೆಲ್ಲ ಕುಲುಮೆಯ ಹೊರಗಿನ ಸಣ್ಣ ಚಾಕರಿಗಳಂತೆ ಕಂಡರೂ ಒಳಗಿನ ಬೆಂಕಿಯ ಸ್ಥಿರತೆ ನಿಂತಿದ್ದುದು ಇವುಗಳ ಮೇಲೆಯೇ.

ಬೆಂಕಿಗೆ ಹೇಗೆ ಉಣಿಸಬೇಕೆಂಬ ಈ ಪ್ರಶ್ನೆ ಹಳೆಯ ಕುಲುಮೆಯೊಡನೆ ಮುಗಿದುಹೋದದ್ದಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ ನಡೆದ ಆದಿತ್ಯ ಎಂಬ ಯಂತ್ರದಂಥ ಟೋಕಮಾಕ್‌ಗಳಲ್ಲಿ, ಎಂದರೆ ಪರಮಾಣು ಸಮ್ಮಿಲನವನ್ನು ಅರಸುವ ಉಂಗುರಾಕಾರದ ಪಾತ್ರೆಗಳಲ್ಲಿ, ಎಲೆಕ್ಟ್ರಾನುಗಳು ಕಳಚಿಕೊಂಡ ಅತಿಬಿಸಿಯ ಜಲಜನಕವನ್ನು ಕಾಂತಕ್ಷೇತ್ರದ ಬಲದಿಂದ ಹಿಡಿದಿಡುತ್ತಾರೆ. ಅಲ್ಲಿಯೂ ಇಂಧನವನ್ನು ಅಂಚಿನಿಂದ ಅನಿಲವಾಗಿ ಊದಿದರೆ ಬಹುಪಾಲು ಅಂಚಿನಲ್ಲೇ ನಿಂತು, ಹೆಚ್ಚಾದರೆ ಆ ಅಂಚನ್ನೇ ತಣಿಸಿ, ಒಳಗಿನ ಕಾವು ಸೋರಿಹೋಗಲು ಕಾರಣವಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಆಲ್ಕೇಟರ್-ಸಿ ಯಂತ್ರದಲ್ಲಿ 1983ರಲ್ಲಿ ಜಲಜನಕವನ್ನು ಹೆಪ್ಪುಗಟ್ಟಿಸಿ ಸಣ್ಣ ಗುಳಿಗೆಗಳಾಗಿ ಒಳಗೆ ಹೊಡೆದಾಗ, ಇಂಧನ ನಡುಭಾಗಕ್ಕೆ ತಲುಪಿ ಅಲ್ಲಿಯ ಸಾಂದ್ರತೆ ಏರಿತು, ಕಾವು ಹೆಚ್ಚು ಹೊತ್ತು ನಿಂತಿತು. ಭದ್ರಾವತಿಯ ಇದ್ದಿಲಿಗೂ ಆ ಗುಳಿಗೆಗೂ ಭೌತಶಾಸ್ತ್ರದಲ್ಲಿ ನಂಟಿಲ್ಲ. ಉಣಿಸುವವನ ಮುಂದಿರುವ ಸವಾಲು ಮಾತ್ರ ಒಂದೇ ಜಾತಿಯದು: ತುತ್ತು ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಬೇಕು, ದಾರಿಯಲ್ಲಿ ಬೆಂಕಿಯನ್ನು ಆರಿಸಬಾರದು.

ಇದ್ದಿಲಿಗೆ ದೌರ್ಬಲ್ಯವಿದ್ದಂತೆ ಗುಣವೂ ಇತ್ತು. ಕೋಕ್‌ನಲ್ಲಿರುವ ಗಂಧಕ ಕಬ್ಬಿಣಕ್ಕೆ ಇಳಿದು ಅದನ್ನು ಪೆಡಸಾಗಿಸುತ್ತದೆ; ಇದ್ದಿಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಭಾರತದ ಕೋಕ್‌ನಲ್ಲಿ ಬೂದಿ ಶೇಕಡಾ 20ನ್ನು ಮೀರುವುದು ಸಾಮಾನ್ಯ, ಇದ್ದಿಲಿನಲ್ಲಿ ಅದು ಕೆಲವೇ ಶೇಕಡಾ. ಬೂದಿ ಕಡಿಮೆಯಾದರೆ ಅದನ್ನು ಕರಗಿಸುವ ಸುಣ್ಣಕಲ್ಲೂ ಕಡಿಮೆ ಸಾಕು, ಕಿಟ್ಟವೂ ಕಡಿಮೆ. ಭದ್ರಾವತಿಯ ಬೀಡುಕಬ್ಬಿಣಕ್ಕೆ ಬಂದ ಹೆಸರು ಈ ಶುದ್ಧಿಯಿಂದ.

ಆ ಶುದ್ಧಿಗೆ ಬೆಲೆ ತೆತ್ತದ್ದು ಕಾಡು. ಒಂದು ಟನ್ ಇದ್ದಿಲಿಗೆ ಮೂರರಿಂದ ನಾಲ್ಕು ಟನ್ ಒಣ ಕಟ್ಟಿಗೆ ಬೇಕು; ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು. ದಿನಕ್ಕೆ 60 ಟನ್ ಕಬ್ಬಿಣವೆಂದರೆ ದಿನಕ್ಕೆ ಸುಮಾರು 200 ಟನ್ ಕಟ್ಟಿಗೆ, ಹಬ್ಬ ಹುಣ್ಣಿಮೆಯೆನ್ನದೆ, ಮಳೆ ಬಿಸಿಲೆನ್ನದೆ. ಊದುಕುಲುಮೆಯನ್ನು ಒಲೆಯಂತೆ ರಾತ್ರಿ ಆರಿಸಿ ಬೆಳಗ್ಗೆ ಹಚ್ಚುವಂತಿಲ್ಲ. ಒಮ್ಮೆ ತಣ್ಣಗಾದರೆ ಬುಡದ ಕಬ್ಬಿಣ ಬಂಡೆಯಾಗಿ ಕೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಡಿದಾರಿಗಳು ಕೆಸರಾಗಿ ಕಾಡು ಬಾಗಿಲು ಮುಚ್ಚುವುದರಿಂದ ಆ ತಿಂಗಳುಗಳ ಕಟ್ಟಿಗೆಯನ್ನು ಬೇಸಗೆಯಲ್ಲೇ ಕಡಿದು, ಒಣಗಿಸಿ, ಒಟ್ಟಬೇಕಾಗಿತ್ತು. ಕಟ್ಟಿಗೆ ತರಲು ಕಾಡಿನೊಳಗೆ ಕಿರುಹಳಿಯ ಟ್ರಾಮ್‌ವೇ ಹಾಕಿದರು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟದ ನೆತ್ತಿಯಿಂದ ರೋಪ್‌ವೇಯ ತೊಟ್ಟಿಗಳಲ್ಲಿ ತಣಿಗೆಬೈಲಿಗಿಳಿದು, ಅಲ್ಲಿಂದ ಇಂಥದೇ ಹಳಿಗಳ ಮೇಲೆ ಭದ್ರಾವತಿ ಸೇರುತ್ತಿತ್ತು, ಸುಣ್ಣಕಲ್ಲು ಭಂಡಿಗುಡ್ಡದಿಂದ. ಅದಿರಿನ ಗಣಿ ಇದ್ದಲ್ಲೇ ಇರುತ್ತದೆ, ಕಟ್ಟಿಗೆಯ ಗಣಿ ಮಾತ್ರ ಪ್ರತಿ ವರ್ಷ ಒಂದಿಷ್ಟು ಹಿಂದೆ ಸರಿಯುತ್ತದೆ. ಕೊಡಲಿ ಹಿಡಿದವರ ಕೂಲಿ ಅಷ್ಟೇ ಇದ್ದರೂ ಸಾಗಣೆಯ ದೂರ ಬೆಳೆದಂತೆ ಕಬ್ಬಿಣದ ಬೆಲೆ ಬೆಳೆಯಿತು. 1930ರ ದಶಕದಲ್ಲಿ ಇದೇ ಊರಿನಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಗೆ ಬಿದಿರು ಬೇಕಾಯಿತು. ಒಂದೇ ಕಾಡಿಗೆ ಎರಡು ಹಸಿವು.

ಮೊದಲ ವರ್ಷಗಳು ನಷ್ಟದವು. ಯುದ್ಧಾನಂತರ ಕಬ್ಬಿಣದ ಬೆಲೆ ಬಿದ್ದು, ಸಂಸ್ಥಾನ ಇಂಥ ಸಾಹಸಕ್ಕೆ ಕೈಹಾಕಿದ್ದೇ ತಪ್ಪೆಂಬ ಟೀಕೆ ಎದ್ದಾಗ, ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಕಾರ್ಖಾನೆಯನ್ನು ನಡೆಸಿದರು. ಹೊರದೇಶದ ತಜ್ಞರ ಜಾಗಕ್ಕೆ ಇಲ್ಲಿನವರನ್ನು ತಯಾರು ಮಾಡಿದ್ದು, ಬೀಡುಕಬ್ಬಿಣವನ್ನು ಹಾಗೆಯೇ ಮಾರುವ ಬದಲು ನೀರಿನ ಕೊಳವೆಗಳಾಗಿ ಎರಕಹೊಯ್ದು ಮಾರಿದ್ದು ಆ ಕಾಲದ ದೊಡ್ಡ ಹೆಜ್ಜೆಗಳು. ದುಬಾರಿ ಇಂಧನದಿಂದ ಆದ ಲೋಹಕ್ಕೆ ದುಬಾರಿ ರೂಪ ಕೊಡುವುದೊಂದೇ ಉಳಿವಿನ ದಾರಿಯಾಗಿತ್ತು. 1936ರಲ್ಲಿ ಉಕ್ಕಿನ ಘಟಕವೂ ಮುಂದೆ ಸಿಮೆಂಟು ಮತ್ತು ಫೆರೊಸಿಲಿಕಾನ್ ಘಟಕಗಳೂ ಸೇರಿಕೊಂಡವು.

ಇದ್ದಿಲಿನ ಹಿಡಿತದಿಂದ ಬಿಡುಗಡೆಯ ದಾರಿ ಶಿವಮೊಗ್ಗ ಜಿಲ್ಲೆಯೊಳಗೇ, ಶರಾವತಿಯ ಕಣಿವೆಯಿಂದ ಬಂತು. ಜೋಗದ ಜಲವಿದ್ಯುತ್ ಕೇಂದ್ರ 1948ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟ ಮೇಲೆ, 1950ರ ದಶಕದ ಆರಂಭದಲ್ಲಿ ನಾರ್ವೆ ದೇಶದ ಟಿಸ್ಲಾಂಡ್-ಹೋಲೆ ವಿನ್ಯಾಸದ ವಿದ್ಯುತ್ ಕುಲುಮೆಗಳು ಭದ್ರಾವತಿಗೆ ಬಂದವು. ಊದುಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ: ಕಾವು ಕೊಡುವುದು, ಅದಿರಿನ ಆಮ್ಲಜನಕವನ್ನು ಕಳಚುವುದು. ವಿದ್ಯುತ್ ಕುಲುಮೆ ಮೊದಲನೆಯದನ್ನು ತಾನು ವಹಿಸಿಕೊಂಡು ಎರಡನೆಯದನ್ನಷ್ಟೇ ಇದ್ದಿಲಿಗೆ ಬಿಟ್ಟಿತು. ಬೇಕಾಗುವ ಇದ್ದಿಲು ಅರ್ಧಕ್ಕೂ ಕೆಳಗಿಳಿಯಿತು. ಎತ್ತರದ ಗೋಪುರವೂ ಇಲ್ಲ, ಊದುವ ಗಾಳಿಯೂ ಇಲ್ಲ; ಅಗಲವಾದ ತಗ್ಗು ಬಾಣಲೆಯಂಥ ಕುಲುಮೆಯಲ್ಲಿ ದಪ್ಪನೆಯ ಮೂರು ಇಂಗಾಲದ ಕಂಬಗಳು ಸರಕಿನೊಳಗೆ ಇಳಿದಿರುತ್ತವೆ, ವಿದ್ಯುತ್ತು ಹರಿಯುವಾಗ ಅವುಗಳ ತುದಿಯಲ್ಲಿ ಕಾವು ಹುಟ್ಟುತ್ತದೆ. ಮೇಲಿನ ಹೊರೆ ಕಡಿಮೆಯಾದ್ದರಿಂದ ಇದ್ದಿಲು ನಲುಗುವ ಭಯವೂ ಕಡಿಮೆ. ಇಂಧನದ ದೌರ್ಬಲ್ಯವನ್ನು ಕುಲುಮೆಯ ಆಕಾರವೇ ಬದಲಾಗಿ ಸರಿದೂಗಿಸಿದ ಅಪರೂಪದ ಪ್ರಸಂಗವಿದು. ಭದ್ರಾವತಿಯ ಎಂಜಿನಿಯರುಗಳ ಸಾಧನೆಗಳಲ್ಲಿ ಇದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಆದರೆ ಒಂದು ಟನ್ ಕಬ್ಬಿಣಕ್ಕೆ ಎರಡು ಸಾವಿರ ಯೂನಿಟ್‌ಗಳಿಗೂ ಮೀರಿ ವಿದ್ಯುತ್ತು ಬೇಕಾಗಿದ್ದು, ಕುಲುಮೆಯ ಹೊಟ್ಟೆ ಕಾಡಿನಿಂದ ಮೋಡಕ್ಕೆ ವರ್ಗವಾಯಿತು. ಮಳೆ ಕೈಕೊಟ್ಟ ವರ್ಷ ಶರಾವತಿಯ ಟರ್ಬೈನು ಬಡವಾದರೆ ಭದ್ರಾವತಿಯ ಕುಲುಮೆಯೂ ಬಡವಾಗಬೇಕು.

1962ರಲ್ಲಿ ಕಾರ್ಖಾನೆ ಸರ್ಕಾರಿ ಕಂಪನಿಯಾಯಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. 1989ರಲ್ಲಿ ಸೇಲ್ ಎಂಬ ಕೇಂದ್ರದ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ 1998ರಲ್ಲಿ ಅದರಲ್ಲೇ ವಿಲೀನಗೊಂಡಿತು. ಅಷ್ಟರಲ್ಲಿ ಕಾಡಿನ ಕಟ್ಟಿಗೆಯ ಕಾಲ ಮುಗಿದಿತ್ತು. ಲಕ್ಕವಳ್ಳಿ ಮುತ್ತೋಡಿಗಳ ಕಾಡು 1974ರಲ್ಲಿ ಭದ್ರಾ ಅಭಯಾರಣ್ಯವಾಗಿತ್ತು, ಕುಲುಮೆ ಕೋಕ್‌ಗೆ ತಿರುಗಿತ್ತು. ಕೋಕ್ ಗಟ್ಟಿ, ಗೋಪುರ ದೊಡ್ಡದಾಗಬಹುದು. ಆದರೆ ಅದು ದೂರದಿಂದ ಬರಬೇಕು, ಮೊದಲು ವಿಶ್ವೇಶ್ವರಯ್ಯನವರು ತಪ್ಪಿಸಲು ಹೊರಟಿದ್ದ ಸಾಗಣೆಯ ಖರ್ಚೇ ಮತ್ತೆ ಎದುರಾಯಿತು. ಈ ಸಲ ಸ್ವಂತ ಅದಿರಿನ ಗಣಿಯೂ ಕೈಯಲ್ಲಿರಲಿಲ್ಲ. ಇದ್ದಿಲನ್ನು ಬಿಡದ ದಾರಿಯೂ ಇತ್ತು: ಬ್ರೆಜಿಲ್ ದೇಶದ ಮೀನಾಸ್ ಜೆರೈಸ್ ರಾಜ್ಯದಲ್ಲಿ ನೆಟ್ಟು ಬೆಳೆಸಿದ ನೀಲಗಿರಿ ತೋಪುಗಳ ಇದ್ದಿಲಿನಿಂದ ಕುಲುಮೆಗಳು ಇಂದಿಗೂ ನಡೆಯುತ್ತಿವೆ. ನೆಡುವ ಲೆಕ್ಕವನ್ನು ಕುಲುಮೆಯ ಲೆಕ್ಕದೊಡನೆಯೇ ಇಡುವ ಬಗೆ ಅದು. ಭದ್ರಾವತಿಯಲ್ಲಿ ಆ ಎರಡು ಲೆಕ್ಕಗಳು ಒಂದೇ ಪುಸ್ತಕಕ್ಕೆ ಬಾರದೆ ಹೋದದ್ದು ಮನಸ್ಸನ್ನು ನೋಯಿಸುವ ಸಂಗತಿ.

2023ರ ಜನವರಿಯಲ್ಲಿ, ಮೊದಲ ಬೆಂಕಿಗೆ ನೂರು ವರ್ಷ ತುಂಬುವ ತಿಂಗಳಲ್ಲೇ, ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು, ಊರು ಅವರ ಬೆನ್ನಿಗೆ ನಿಂತಿತು. ಊದುಕುಲುಮೆ ಅದಕ್ಕೆ ಕೆಲವು ವರ್ಷ ಮೊದಲೇ ತಣ್ಣಗಾಗಿತ್ತು. ಅದೇ ವರ್ಷ ಸರಳುಗಳನ್ನು ಉರುಳಿಸುವ ಗಿರಣಿ ಮತ್ತೆ ಶುರುವಾದಾಗ ಅದಕ್ಕೆ ಬೇಕಾದ ಉಕ್ಕಿನ ದಿಮ್ಮಿಗಳು ಸೇಲ್‌ನ ಬೇರೆ ಸ್ಥಾವರಗಳಿಂದ, ಕೋಕ್ ಸುಲಭವಾಗಿ ಸಿಗುವ ಊರುಗಳಲ್ಲಿ ಕರಗಿ ಎರಕಗೊಂಡು, ಭದ್ರಾವತಿಗೆ ಬಂದವು.